ಕೊರತೆಯಲ್ಲ, ಕೇಡು: ಮಿದುಳಿನ ಕಾಯಿಲೆಗಳಲ್ಲಿ ಒಂದು ಕಿಣ್ವ ಕಲಿಸಿದ ಪಾಠ

ಅಲ್ಜೈಮರ್, ಪಾರ್ಕಿನ್ಸನ್, ಎಎಲ್‌ಎಸ್ ಮುಂತಾದ ಕಾಯಿಲೆಗಳಲ್ಲಿ ನರಕೋಶಗಳು ವರ್ಷಗಟ್ಟಲೆ ಸದ್ದಿಲ್ಲದೆ ಸಾಯುತ್ತ ಹೋಗುತ್ತವೆ. ಯಾಕೆ ಸಾಯುತ್ತವೆ ಎಂಬ ಪ್ರಶ್ನೆಗೆ ಕಳೆದ ಕೆಲವು ದಶಕಗಳಿಂದ ಒಂದು ಉತ್ತರ ತುಂಬ ಜನಪ್ರಿಯವಾಗಿದೆ. ಈ ಕಾಯಿಲೆಗಳಿಂದ ತೀರಿಕೊಂಡವರ ಮಿದುಳನ್ನು ಪರೀಕ್ಷಿಸಿದರೆ ಆಮ್ಲಜನಕದ ಉಗ್ರ ರೂಪಗಳು ಮಾಡಿದ ಹಾನಿಯ ಗುರುತುಗಳು ಎಲ್ಲೆಡೆ ಸಿಗುತ್ತವೆ. ಈ ಹಾನಿಯನ್ನು ತಡೆಯುವುದಕ್ಕೆಂದೇ ಜೀವಕೋಶಗಳಲ್ಲಿ ಕೆಲವು ಕಿಣ್ವಗಳಿವೆ. ಹಾನಿಯಾಗಿದೆ ಎಂದ ಮೇಲೆ ಆ ಕಿಣ್ವಗಳು ಸೋತಿರಬೇಕು. ಸೋತಿದ್ದರೆ, ಅವು ಮಾಡಬೇಕಿದ್ದ ಕೆಲಸವನ್ನು ಹೊರಗಿನಿಂದ ಕೊಟ್ಟ ಆಂಟಿಆಕ್ಸಿಡೆಂಟ್ ಮಾಡಬೇಕು. ಔಷಧಿ ಅಂಗಡಿಯ ವಿಟಮಿನ್ ಇ ಗುಳಿಗೆಯಿಂದ ಹಿಡಿದು ಅರಿಶಿನದ ಕ್ಯಾಪ್ಸೂಲು, ಗ್ರೀನ್ ಟೀ ಪೊಟ್ಟಣದವರೆಗೆ ಎಲ್ಲದರ ಹಿಂದೆಯೂ ಇರುವುದು ಇದೇ ತರ್ಕ. ಇದರ ಮೊದಲ ಎರಡು ಹೆಜ್ಜೆಗಳು ಸರಿಯಾಗಿವೆ, ಕೊನೆಯ ಎರಡು ತಪ್ಪಿವೆ ಎಂಬುದು ಈ ಲೇಖನದ ವಾದ. ಇದಕ್ಕೆ ಅತ್ಯಂತ ಗಟ್ಟಿಯಾದ ಸಾಕ್ಷಿ ಸಿಗುವುದು ಕಿಣ್ವಕ್ಕೂ ಕಾಯಿಲೆಗೂ ಇರುವ ನಂಟು ಎಲ್ಲಿ ಸಂಶಯಾತೀತವಾಗಿದೆಯೋ ಅಲ್ಲಿಯೇ, ಅಂದರೆ ಎಸ್‌ಒಡಿ1 ಎಂಬ ಕಿಣ್ವದಿಂದ ಬರುವ ಎಎಲ್‌ಎಸ್‌ನಲ್ಲಿ.

ಮೊದಲು ಸರಿಯಾದ ಹೆಜ್ಜೆಗಳನ್ನು ನೋಡೋಣ. ಮನುಷ್ಯನ ಮಿದುಳು ದೇಹದ ತೂಕದಲ್ಲಿ ಸುಮಾರು ಶೇ. 2ರಷ್ಟು. ಆದರೆ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಆ ಆಮ್ಲಜನಕದ ಬಹುಪಾಲು ಕೋಶದ ಶಕ್ತಿಕೇಂದ್ರಗಳಾದ ಮೈಟೋಕಾಂಡ್ರಿಯಗಳಲ್ಲಿ ನೀರಾಗಿ ಮುಗಿಯುತ್ತದೆ. ಅಲ್ಪ ಭಾಗ ಮಾತ್ರ ಒಂದು ಎಲೆಕ್ಟ್ರಾನನ್ನು ಹೆಚ್ಚುವರಿಯಾಗಿ ಹೊತ್ತು ಸೂಪರ್‌ಆಕ್ಸೈಡ್ ಆಗುತ್ತದೆ. ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್, ಚಿಕ್ಕದಾಗಿ ಎಸ್‌ಒಡಿ, ಇದನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬದಲಿಸುತ್ತದೆ. ಪೆರಾಕ್ಸೈಡನ್ನು ಕೆಟಲೇಸ್, ಗ್ಲುಟಥಯೋನ್ ಪೆರಾಕ್ಸಿಡೇಸ್, ಪೆರಾಕ್ಸಿರೆಡಾಕ್ಸಿನ್ ಎಂಬ ಕಿಣ್ವಗಳು ನೀರಾಗಿಸುತ್ತವೆ. ಈ ಎರಡನೆಯ ಹೆಜ್ಜೆ ತಡವಾಗಿ, ಹತ್ತಿರದಲ್ಲಿ ಬಿಡಿ ಕಬ್ಬಿಣವೂ ಇದ್ದರೆ ಪೆರಾಕ್ಸೈಡು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಅದು ಸಿಕ್ಕಿದ್ದನ್ನೆಲ್ಲ ಕೆಡಿಸುತ್ತದೆ. ಅದನ್ನು ನಿಭಾಯಿಸಲು ದೇಹದಲ್ಲಿ ಯಾವ ಕಿಣ್ವವೂ ಇಲ್ಲ. ಮಿದುಳಿನಲ್ಲಿ ಕೆಟಲೇಸ್ ಕಡಿಮೆ, ಸುಲಭವಾಗಿ ಕೆಡುವ ಕೊಬ್ಬು ಹೆಚ್ಚು, ಕೆಲವು ಭಾಗಗಳಲ್ಲಿ ಕಬ್ಬಿಣವೂ ಹೆಚ್ಚು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮೊದಲು ಸಾಯುವ ಸಬ್‌ಸ್ಟಾನ್ಶಿಯ ನೈಗ್ರ ಎಂಬ ಕಪ್ಪು ಭಾಗದ ಕೋಶಗಳಿಗಂತೂ ಇನ್ನೊಂದು ಹೊರೆಯಿದೆ. ಅಲ್ಲಿ ಬಳಕೆಯಾಗುವ ಡೋಪಮಿನ್ನನ್ನು ಮೋನೋಅಮೀನ್ ಆಕ್ಸಿಡೇಸ್ ಎಂಬ ಕಿಣ್ವ ಒಡೆದಾಗಲೆಲ್ಲ ಪೆರಾಕ್ಸೈಡು ಉಪ ಉತ್ಪನ್ನವಾಗಿ ಹೊರಬೀಳುತ್ತದೆ. ಹಾಗಾಗಿ ಮಿದುಳು ಉಗ್ರ ಆಮ್ಲಜನಕದ ಈ ಹಾನಿಗೆ, ಅಂದರೆ ಉತ್ಕರ್ಷಣದ ಒತ್ತಡಕ್ಕೆ, ಬೇಗ ಈಡಾಗುವ ಅಂಗ ಎಂಬುದು ನಿಜ. ಕಿಣ್ವಗಳು ಬಿಡುವಿಲ್ಲದೆ ದುಡಿಯದಿದ್ದರೆ ಅದು ಉಳಿಯುವುದಿಲ್ಲ ಎಂಬುದೂ ನಿಜ. ಮ್ಯಾಂಗನೀಸ್ ಹೊತ್ತು ಮೈಟೋಕಾಂಡ್ರಿಯದೊಳಗೆ ಕೆಲಸ ಮಾಡುವ ಎಸ್‌ಒಡಿ2 ಇಲ್ಲದ ಇಲಿಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುತ್ತವೆ.

ಎಸ್‌ಒಡಿಯ ಚರಿತ್ರೆಯೂ ಈ ನಂಬಿಕೆಗೆ ಬಲ ಕೊಟ್ಟಿತು. ತಾಮ್ರವಿರುವ ಈ ಪ್ರೋಟೀನನ್ನು ದನದ ರಕ್ತದಿಂದ 1938ರಲ್ಲೇ ಮಾನ್ ಮತ್ತು ಕೀಲಿನ್ ಬೇರ್ಪಡಿಸಿದ್ದರು. ಅದರ ಕೆಲಸವೇನೆಂದು ಮಾತ್ರ ಮೂವತ್ತು ವರ್ಷ ಯಾರಿಗೂ ಹೊಳೆದಿರಲಿಲ್ಲ. ತಾಮ್ರವನ್ನು ಕೂಡಿಡುವ ಪ್ರೋಟೀನಿರಬೇಕು ಎಂದು ಕೆಲವರು ಊಹಿಸಿದ್ದರು. 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್ ಅದು ಸೂಪರ್‌ಆಕ್ಸೈಡನ್ನು ಕಳೆಯುವ ಕಿಣ್ವ ಎಂದು ತೋರಿಸಿದರು. ಮುಪ್ಪಿಗೆ ಫ್ರೀ ರ‍್ಯಾಡಿಕಲ್‌ಗಳೇ ಕಾರಣ ಎಂದು ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ಮಂಡಿಸಿದ್ದ ವಾದಕ್ಕೆ ಅಲ್ಲಿಯವರೆಗೆ ಆಧಾರ ತೆಳುವಾಗಿತ್ತು. ರ‍್ಯಾಡಿಕಲ್‌ಗಳನ್ನು ಎದುರಿಸಲೆಂದೇ ಪ್ರಕೃತಿ ಒಂದು ಕಿಣ್ವವನ್ನು ಇಟ್ಟಿದೆ ಎಂದು ಗೊತ್ತಾದ ಮೇಲೆ ಆ ವಾದಕ್ಕೆ ಮೈ ತುಂಬಿತು. ಇಷ್ಟಾದ ಮೇಲೆ ಬಂದದ್ದು 1993ರ ಸುದ್ದಿ. ಎಎಲ್‌ಎಸ್ ಎಂದರೆ ಚಾಲಕ ನರಕೋಶಗಳು ನಾಶವಾಗಿ ಕೈಕಾಲು, ಮಾತು, ನುಂಗುವಿಕೆ, ಕೊನೆಗೆ ಉಸಿರಾಟವೇ ನಿಲ್ಲುವ ಕಾಯಿಲೆ. ಸ್ಟೀಫನ್ ಹಾಕಿಂಗ್ ಅವರಿಂದಾಗಿ ಇದರ ಪರಿಚಯ ಬಹಳ ಜನರಿಗಿದೆ. ಕೆಲವು ಕುಟುಂಬಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ಅಂಥ ಹದಿಮೂರು ಕುಟುಂಬಗಳಲ್ಲಿ 21ನೇ ವರ್ಣತಂತುವಿನ ಮೇಲಿರುವ ಎಸ್‌ಒಡಿ1 ವಂಶವಾಹಿಯಲ್ಲಿ ಹನ್ನೊಂದು ಬಗೆಯ ಮಾರ್ಪಾಡುಗಳು ಸಿಕ್ಕಿವೆ ಎಂದು ಸಂಶೋಧಕರು ಪ್ರಕಟಿಸಿದರು. ರೋಗಿಗಳ ರಕ್ತದಲ್ಲಿ ಕಿಣ್ವದ ಚಟುವಟಿಕೆ ಕುಗ್ಗಿರುವುದೂ ಕಂಡುಬಂತು. ಉತ್ಕರ್ಷಣವನ್ನು ತಡೆಯುವ ಕಿಣ್ವ ಕೆಟ್ಟಿದೆ, ನರಕೋಶ ಸಾಯುತ್ತಿದೆ. ಎರಡರ ನಡುವಿನ ಗೆರೆ ನೇರವಾಗಿಯೇ ಇತ್ತು. ಆ ದಿನ ಯಾರನ್ನು ಕೇಳಿದರೂ ಕಿಣ್ವದ ಕೊರತೆಯೇ ಕಾಯಿಲೆಯ ಕಾರಣ ಎಂದೇ ಹೇಳುತ್ತಿದ್ದರು.

ಆ ಗೆರೆ ತಪ್ಪು ಎಂದು ತೋರಿಸಲು ಹೆಚ್ಚು ಕಾಲ ಬೇಕಾಗಲಿಲ್ಲ. 1994ರಲ್ಲಿ ಗರ್ನಿ ಮತ್ತು ಸಂಗಡಿಗರು ಮಾರ್ಪಾಡಾದ ಮಾನವ ಎಸ್‌ಒಡಿ1 ವಂಶವಾಹಿಯನ್ನು ಇಲಿಗಳಿಗೆ ಸೇರಿಸಿದರು. ಆ ಇಲಿಗಳ ಸ್ವಂತ ಕಿಣ್ವ ಹಾಗೆಯೇ ಇತ್ತು. ಸೇರಿಸಿದ ಮಾರ್ಪಾಡು ಕೂಡ ರಾಸಾಯನಿಕ ಚಟುವಟಿಕೆಯನ್ನು ಉಳಿಸಿಕೊಂಡ ಬಗೆಯದು. ಅಂದರೆ ಅವುಗಳಲ್ಲಿ ಎಸ್‌ಒಡಿ ಚಟುವಟಿಕೆ ಮಾಮೂಲಿಗಿಂತ ಹೆಚ್ಚೇ ಇತ್ತು. ಆದರೂ ಅವುಗಳಿಗೆ ಲಕ್ವ ಹೊಡೆಯಿತು, ಬೆನ್ನುಹುರಿಯ ಚಾಲಕ ನರಕೋಶಗಳು ಸತ್ತವು. ಎರಡು ವರ್ಷಗಳ ನಂತರ ರೋಮ್ ಮತ್ತು ಸಂಗಡಿಗರು ತದ್ವಿರುದ್ಧ ಪ್ರಯೋಗ ಮಾಡಿದರು. ಎಸ್‌ಒಡಿ1 ವಂಶವಾಹಿಯನ್ನೇ ಕಿತ್ತುಹಾಕಿದ ಇಲಿಗಳು ಸಹಜವಾಗಿ ಬೆಳೆದವು, ಎಎಲ್‌ಎಸ್ ಬರಲಿಲ್ಲ. ನರಕ್ಕೆ ಪೆಟ್ಟು ಬಿದ್ದಾಗ ಮಾತ್ರ ಅವುಗಳ ಚಾಲಕ ಕೋಶಗಳು ಹೆಚ್ಚಾಗಿ ಸತ್ತವು. ಕಿಣ್ವ ಹೆಚ್ಚಿದ್ದಾಗ ಕಾಯಿಲೆ ಬಂತು, ಕಿಣ್ವವೇ ಇಲ್ಲದಾಗ ಬರಲಿಲ್ಲ. 1998ರಲ್ಲಿ ಇನ್ನೊಂದು ಪ್ರಯೋಗ ಈ ಮಾತನ್ನು ಗಟ್ಟಿ ಮಾಡಿತು. ಮಾರ್ಪಾಡಿನ ಎಸ್‌ಒಡಿ1 ಇರುವ ಇಲಿಗಳಲ್ಲಿ ಸರಿಯಾದ ಎಸ್‌ಒಡಿ1 ಅನ್ನು ಪೂರ್ತಿ ತೆಗೆದರೂ ಇಲ್ಲವೇ ಹೆಚ್ಚಿಸಿದರೂ ಕಾಯಿಲೆಯ ಓಟ ಬದಲಾಗಲಿಲ್ಲ. ಕೊರತೆ ಕಾರಣವಾಗಿದ್ದರೆ ಒಳ್ಳೆಯ ಕಿಣ್ವವನ್ನು ಸೇರಿಸಿದ ಕೂಡಲೇ ಕಾಯಿಲೆ ತಗ್ಗಬೇಕಿತ್ತು. ಕಿಣ್ವಕ್ಕೆ ತಾಮ್ರವನ್ನು ತಲುಪಿಸುವ ಸಹಾಯಕ ಪ್ರೋಟೀನನ್ನು ತೆಗೆದು ಅದರ ಚಟುವಟಿಕೆಯನ್ನು ತೀರ ತಗ್ಗಿಸಿದ 2002ರ ಪ್ರಯೋಗದಲ್ಲಿಯೂ ಕಾಯಿಲೆ ಮೊದಲಿನಂತೆಯೇ ಬಂತು. ಅಲ್ಲಿಗೆ ರಾಸಾಯನಿಕ ಚಟುವಟಿಕೆ ಹೆಚ್ಚಾಗಿದ್ದರಿಂದ ಕಾಯಿಲೆ ಬಂತು ಎಂಬ ಊಹೆಗೂ ಜಾಗ ಉಳಿಯಲಿಲ್ಲ.

ಹಾಗಾದರೆ ಕೇಡು ಎಲ್ಲಿದೆ? ಪ್ರೋಟೀನಿನ ಆಕಾರದಲ್ಲಿ. ಎಸ್‌ಒಡಿ1 ನೂರೈವತ್ತಮೂರು ಅಮೈನೋ ಆಮ್ಲಗಳ ಚಿಕ್ಕ ಸರಪಳಿ. ಅದು ಮಡಚಿಕೊಂಡು, ಒಂದು ತಾಮ್ರದ, ಒಂದು ಸತುವಿನ ಪರಮಾಣುವನ್ನು ಹಿಡಿದು, ಒಳಗೊಂದು ಗಂಧಕದ ಬಂಧ ಹಾಕಿಕೊಂಡು, ತನ್ನಂಥದೇ ಇನ್ನೊಂದರ ಜೊತೆ ಜೋಡಿಯಾಗುತ್ತದೆ. ಜೋಡಿಯಾದ ಮೇಲೆ ಅದು ಅಸಾಧಾರಣವಾಗಿ ಗಟ್ಟಿ. ಈ ಸರಪಳಿಯಲ್ಲಿ ಒಂದೇ ಒಂದು ಆಮ್ಲ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. ಉತ್ತರ ಅಮೆರಿಕದಲ್ಲಿ ಹೆಚ್ಚಾಗಿ ಸಿಗುವ ಮಾರ್ಪಾಡಿನಲ್ಲಿ ನಾಲ್ಕನೇ ಸ್ಥಾನದ ಅಲನೀನ್ ಜಾಗಕ್ಕೆ ವ್ಯಾಲೀನ್ ಬಂದಿರುತ್ತದೆ. ಅದಿದ್ದವರು ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಸಾಮಾನ್ಯವಾಗಿ ಒಂದೆರಡು ವರ್ಷವಷ್ಟೇ. ಸ್ಕ್ಯಾಂಡಿನೇವಿಯಾದಲ್ಲಿ ಕಾಣುವ, ತೊಂಬತ್ತನೇ ಸ್ಥಾನ ಬದಲಾದ ಮಾರ್ಪಾಡು ತಂದೆತಾಯಿ ಇಬ್ಬರಿಂದಲೂ ಬಂದಾಗ ಕಾಯಿಲೆ ನಿಧಾನವಾಗಿ ಹತ್ತು ವರ್ಷಕ್ಕೂ ಮೇಲೆ ಸಾಗುತ್ತದೆ. ಈಗ ತಿಳಿದಿರುವ ಇನ್ನೂರರಷ್ಟು ಮಾರ್ಪಾಡುಗಳಲ್ಲಿ ಕೆಲವು ಕಿಣ್ವದ ಚಟುವಟಿಕೆಯನ್ನು ಪೂರ್ತಿ ಅಳಿಸುತ್ತವೆ, ಕೆಲವು ಮುಟ್ಟುವುದೂ ಇಲ್ಲ. ಅಳಿದುಳಿದ ಚಟುವಟಿಕೆಗೂ ಕಾಯಿಲೆಯ ತೀವ್ರತೆಗೂ ತಾಳೆಯಾಗುವುದಿಲ್ಲ. ಆದರೆ ಎಲ್ಲ ಮಾರ್ಪಾಡುಗಳಿಗೂ ಹೆಚ್ಚುಕಡಿಮೆ ಸಮಾನವಾದದ್ದು ಒಂದಿದೆ: ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಗಂಟುಗಂಟಾಗಿ ಕೋಶದೊಳಗೆ ಕೂಡಿಕೊಳ್ಳುತ್ತದೆ. ಆ ಗಂಟು ಮೈಟೋಕಾಂಡ್ರಿಯಕ್ಕೂ ಪ್ರೋಟೀನುಗಳ ವಿಲೇವಾರಿ ವ್ಯವಸ್ಥೆಗೂ ಅಡ್ಡಬರುತ್ತದೆ. 2006ರಲ್ಲಿ ಬ್ವಾಲೆ ಮತ್ತು ಸಂಗಡಿಗರು ಇನ್ನೂ ಒಂದು ಅಂಶ ತೋರಿಸಿದರು. ಕೆಟ್ಟ ಎಸ್‌ಒಡಿ1 ಅನ್ನು ಚಾಲಕ ನರಕೋಶಗಳಿಂದ ಮಾತ್ರ ತೆಗೆದರೆ ಕಾಯಿಲೆ ತಡವಾಗಿ ಶುರುವಾಗುತ್ತದೆ, ಮಿದುಳಿನ ರೋಗನಿರೋಧಕ ಕೋಶಗಳಾದ ಮೈಕ್ರೋಗ್ಲಿಯಗಳಿಂದ ತೆಗೆದರೆ ಶುರುವಾದ ಕಾಯಿಲೆ ನಿಧಾನವಾಗುತ್ತದೆ. ಒಂದೇ ಕಿಣ್ವ, ಒಂದೇ ಕೇಡು. ಆದರೆ ಯಾವ ಕೋಶದಲ್ಲಿ, ಯಾವ ಹಂತದಲ್ಲಿ ಎಂಬುದರ ಮೇಲೆ ಪರಿಣಾಮವೇ ಬೇರೆ.

ಈ ತಿಳಿವಳಿಕೆಯಿಂದ ಹುಟ್ಟಿದ ಚಿಕಿತ್ಸೆ ಹಳೆಯ ತರ್ಕಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು. ಟೋಫರ್ಸೆನ್ ಎಂಬ ಔಷಧಿಯನ್ನು ಬೆನ್ನುಹುರಿಯ ದ್ರವಕ್ಕೆ ಚುಚ್ಚುತ್ತಾರೆ. ಅದು ಎಸ್‌ಒಡಿ1 ತಯಾರಾಗುವುದನ್ನೇ ತಗ್ಗಿಸುತ್ತದೆ. ಉತ್ಕರ್ಷಣವನ್ನು ತಡೆಯುವ ಕಿಣ್ವವನ್ನು ಕಡಿಮೆ ಮಾಡಿ ನರಕೋಶವನ್ನು ಉಳಿಸುವ ಪ್ರಯತ್ನ ಇದು. 2022ರಲ್ಲಿ ಪ್ರಕಟವಾದ, ನೂರೆಂಟು ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಇಪ್ಪತ್ತೆಂಟು ವಾರಗಳ ಕೊನೆಗೆ ರೋಗಿಗಳ ಶಕ್ತಿಯ ಅಂಕಗಳಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನು ಮುಚ್ಚಿಡಬಾರದು. ಆದರೆ ಸಾಯುತ್ತಿರುವ ನರತಂತುಗಳಿಂದ ರಕ್ತಕ್ಕೆ ಸೋರುವ ನ್ಯೂರೋಫಿಲಮೆಂಟ್ ಎಂಬ ಪ್ರೋಟೀನಿನ ಮಟ್ಟ ಗಮನಾರ್ಹವಾಗಿ ಇಳಿಯಿತು. ಪರೀಕ್ಷೆ ಮುಂದುವರಿದಂತೆ, ಮೊದಲಿನಿಂದಲೇ ಔಷಧಿ ಪಡೆದವರ ಕುಸಿತ ತಡವಾಗಿ ಪಡೆದವರಿಗಿಂತ ನಿಧಾನವಾಗಿತ್ತು. ಈ ಆಧಾರದ ಮೇಲೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2023ರ ಏಪ್ರಿಲ್‌ನಲ್ಲಿ ಇದಕ್ಕೆ ಶೀಘ್ರ ಅನುಮತಿ ಕೊಟ್ಟಿತು. ಇದನ್ನು ಪವಾಡ ಎಂದು ಕರೆಯಲಾಗದು. ಆದರೂ ದಿಕ್ಕು ಸರಿಯಿದೆ ಎಂಬುದಕ್ಕೆ ಮನುಷ್ಯರಲ್ಲೇ ಸಿಕ್ಕ ಸಾಕ್ಷಿ ಇದು. 1993ರ ತರ್ಕವನ್ನೇ ನಂಬಿ ಕೂತಿದ್ದರೆ ಇಂಥ ಔಷಧಿಯ ಯೋಚನೆಯೂ ಬರುತ್ತಿರಲಿಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಇಲಿಯ ಮಾತು ಬೇರೆ, ಮನುಷ್ಯನ ಮಾತು ಬೇರೆ. ಎಸ್‌ಒಡಿ1 ಪೂರ್ತಿ ಇಲ್ಲದ ಮನುಷ್ಯರಿಗೆ ಏನಾಗುತ್ತದೆ? 2019ರಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಎರಡೂ ವಂಶವಾಹಿ ಪ್ರತಿಗಳು ಕೆಟ್ಟು ಈ ಕಿಣ್ವದ ಚಟುವಟಿಕೆಯೇ ಇಲ್ಲದೆ ಹುಟ್ಟಿದ ಮಕ್ಕಳ ವರದಿ ಬಂತು. ಅವರು ಮೊದಲ ತಿಂಗಳುಗಳಲ್ಲಿ ಸರಿಯಾಗಿದ್ದು, ವರ್ಷ ತುಂಬುವ ಆಸುಪಾಸಿನಲ್ಲಿ ಕಲಿತ ಚಲನೆಗಳನ್ನು ಒಂದೊಂದಾಗಿ ಕಳೆದುಕೊಂಡಿದ್ದರು. ಕೈಕಾಲು ಸೆಟೆದುಕೊಂಡಿದ್ದವು. ಅಂದ ಮೇಲೆ ಕೊರತೆಯೂ ಚಾಲಕ ನರಮಂಡಲವನ್ನು ಕೆಡಿಸುತ್ತದೆ ಎಂದಾಯಿತಲ್ಲ? ಹೌದು, ಕೆಡಿಸುತ್ತದೆ. ಎಸ್‌ಒಡಿ1 ಇಲ್ಲದೆ ಮನುಷ್ಯನ ನರಮಂಡಲ ಆರೋಗ್ಯವಾಗಿ ಉಳಿಯದು ಎಂಬುದನ್ನು ಒಪ್ಪಲೇಬೇಕು. ಟೋಫರ್ಸೆನ್ ಕೊಡುವವರು ಕಿಣ್ವವನ್ನು ಎಷ್ಟರಮಟ್ಟಿಗೆ ತಗ್ಗಿಸಬಹುದು ಎಂಬ ಎಚ್ಚರವನ್ನು ಇಟ್ಟುಕೊಳ್ಳಬೇಕಾದದ್ದೂ ಇದರಿಂದಲೇ. ಆದರೆ ಆ ಮಕ್ಕಳ ಕಾಯಿಲೆ ನಡುವಯಸ್ಸಿನಲ್ಲಿ ಬರುವ ಎಎಲ್‌ಎಸ್ ಅಲ್ಲ. ಅದು ಶುರುವಾಗುವ ವಯಸ್ಸು ಬೇರೆ, ಚಿತ್ರ ಬೇರೆ. ಆ ಮಕ್ಕಳ ತಂದೆತಾಯಿಯರಲ್ಲಿ ಒಂದೊಂದು ಪ್ರತಿ ಕೆಟ್ಟಿದ್ದು ಕಿಣ್ವದ ಚಟುವಟಿಕೆ ಅರ್ಧದಷ್ಟೇ ಇದ್ದರೂ ಎಎಲ್‌ಎಸ್ ಕಾಣಿಸಿರಲಿಲ್ಲ. ಒಂದೇ ಕಿಣ್ವದ ಪೂರ್ಣ ಅಭಾವ ಒಂದು ಕಾಯಿಲೆ, ಅದರ ವಿಕೃತ ರೂಪ ಇನ್ನೊಂದು ಕಾಯಿಲೆ. ಮೊದಲನೆಯದಕ್ಕೆ ಕಿಣ್ವವನ್ನು ತುಂಬಿಕೊಡಬೇಕು, ಎರಡನೆಯದಕ್ಕೆ ತಗ್ಗಿಸಬೇಕು. ಎರಡನ್ನೂ ಉತ್ಕರ್ಷಣದ ಒತ್ತಡ ಎಂಬ ಒಂದೇ ಹೆಸರಿನ ಕೆಳಗೆ ಹಾಕಿದರೆ ಚಿಕಿತ್ಸೆ ತಿರುಗುಮುರುಗಾಗುತ್ತದೆ. ಹಾಗಾಗಿ ಈ ಆಕ್ಷೇಪದಿಂದ ನಮ್ಮ ವಾದ ಸಡಿಲವಾಗುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಭಾರವಾದದ್ದು. ಎಸ್‌ಒಡಿ1ರಿಂದ ಬರುವುದು ಎಎಲ್‌ಎಸ್‌ನಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಮಾತ್ರ. ಅಲ್ಜೈಮರ್, ಪಾರ್ಕಿನ್ಸನ್ ಕಾಯಿಲೆಗಳಲ್ಲಿ ಈ ಕಿಣ್ವ ವಿಕೃತವಾಗಿ ಹುಟ್ಟುವುದಿಲ್ಲ, ಆದರೂ ಉತ್ಕರ್ಷಣದ ಹಾನಿ ಇದೆ. ಅದೂ ಕಾಯಿಲೆಯ ಕೊನೆಯಲ್ಲಿ ಅಲ್ಲ, ಮೊದಲಲ್ಲೇ ಇದೆ. ಅಲ್ಜೈಮರ್ ರೋಗಿಗಳ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಹೆಚ್ಚುವ ಮೊದಲೇ ಉತ್ಕರ್ಷಣದ ಹಾನಿ ಹೆಚ್ಚಾಗಿರುತ್ತದೆ ಎಂದು ನುನೊಮುರಾ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ಪಾರ್ಕಿನ್ಸನ್ ರೋಗಿಗಳ ನೈಗ್ರ ಭಾಗದಲ್ಲಿ ಗ್ಲುಟಥಯೋನ್ ಎಂಬ ರಕ್ಷಕ ಅಣು ಸುಮಾರು ಶೇ. 40ರಷ್ಟು ಕಡಿಮೆ. ಲಕ್ಷಣ ಕಾಣಿಸಿಕೊಳ್ಳುವ ಮೊದಲೇ ಅದು ತಗ್ಗಿರುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ಹೀಗಿರುವಾಗ ಎಎಲ್‌ಎಸ್‌ನ ಒಂದು ಮೂಲೆಯ ಪಾಠವನ್ನು ಎಲ್ಲ ಕಾಯಿಲೆಗಳಿಗೂ ಹಚ್ಚುವುದು ಸರಿಯೇ? ಈ ಸಾಕ್ಷಿಗಳನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಮೊದಲೇ ಕಂಡದ್ದೆಲ್ಲ ಮೂಲ ಕಾರಣವಲ್ಲ. ಮೈಟೋಕಾಂಡ್ರಿಯ ಕೆಟ್ಟರೆ ಸೂಪರ್‌ಆಕ್ಸೈಡ್ ಹೆಚ್ಚುತ್ತದೆ, ಸೂಪರ್‌ಆಕ್ಸೈಡ್ ಹೆಚ್ಚಿದರೆ ಮೈಟೋಕಾಂಡ್ರಿಯ ಇನ್ನೂ ಕೆಡುತ್ತದೆ. ಪ್ರೋಟೀನು ಗಂಟಾದರೆ ಉರಿಯೂತವಾಗುತ್ತದೆ, ಉರಿಯೂತದಿಂದ ಹುಟ್ಟುವ ಪೆರಾಕ್ಸೈಡು ಇನ್ನಷ್ಟು ಪ್ರೋಟೀನನ್ನು ಕೆಡಿಸುತ್ತದೆ. ಬೀಜವೃಕ್ಷ ನ್ಯಾಯದಂತೆ ಇಲ್ಲಿ ಯಾವುದು ಮೊದಲು ಎಂದು ಶವಪರೀಕ್ಷೆಯ ಮಿದುಳನ್ನು ನೋಡಿ ತೀರ್ಮಾನಿಸಲು ಬರುವುದಿಲ್ಲ. ಒಂದನ್ನು ತಡೆದು ನೋಡಬೇಕು. ತಡೆದಾಗ ಕಾಯಿಲೆ ನಿಂತರೆ ಅದನ್ನು ಕಾರಣ ಎನ್ನಬಹುದು.

ಹಾಗೆ ತಡೆದು ನೋಡಿದ ದೊಡ್ಡ ಪರೀಕ್ಷೆಗಳು ಕಡಿಮೆಯೇನಿಲ್ಲ. ಡಾಟಾಟಾಪ್ ಎಂಬ ಪರೀಕ್ಷೆಯಲ್ಲಿ ಆರಂಭದ ಹಂತದ 800 ಪಾರ್ಕಿನ್ಸನ್ ರೋಗಿಗಳಿದ್ದರು. ಅದರಲ್ಲಿ ದಿನಕ್ಕೆ 2000 ಯೂನಿಟ್ ವಿಟಮಿನ್ ಇ ಪಡೆದವರಿಗೆ ಯಾವ ಲಾಭವೂ ಆಗಲಿಲ್ಲ ಎಂದು 1993ರಲ್ಲಿ ಪ್ರಕಟವಾಯಿತು, ಎಸ್‌ಒಡಿ1 ಸುದ್ದಿ ಬಂದ ಅದೇ ವರ್ಷ. ಕೋಎಂಜೈಮ್ ಕ್ಯೂ10 ಎಂಬ ಆಂಟಿಆಕ್ಸಿಡೆಂಟನ್ನು 600 ಪಾರ್ಕಿನ್ಸನ್ ರೋಗಿಗಳಲ್ಲಿ ಪರೀಕ್ಷಿಸಿದವರು ಪ್ರಯೋಜನವಿಲ್ಲವೆಂದು ನಡುವೆಯೇ ನಿಲ್ಲಿಸಿ 2014ರಲ್ಲಿ ವರದಿ ಕೊಟ್ಟರು. ಗ್ಲುಟಥಯೋನನ್ನೇ ಮೂಗಿನ ಮೂಲಕ ಕೊಟ್ಟ 2017ರ ಸಣ್ಣ ಪರೀಕ್ಷೆಯಲ್ಲಿ ಅದು ಬರೀ ಉಪ್ಪುನೀರಿಗಿಂತ ಮೇಲೆನಿಸಲಿಲ್ಲ. ಅಲ್ಜೈಮರ್‌ನಲ್ಲಿ ಚಿತ್ರ ಸ್ವಲ್ಪ ಮಿಶ್ರವಾಗಿದೆ, ಅದನ್ನು ಇದ್ದಂತೆಯೇ ಹೇಳಬೇಕು. 1997ರಲ್ಲಿ ಮಧ್ಯಮ ಹಂತದ ರೋಗಿಗಳಲ್ಲಿ ವಿಟಮಿನ್ ಇ ಕಾಯಿಲೆಯ ಕೆಲವು ಘಟ್ಟಗಳನ್ನು ತಡಮಾಡಿತು. 2014ರಲ್ಲಿ ಅಮೆರಿಕದ ಮಾಜಿ ಸೈನಿಕರಲ್ಲಿ ದಿನನಿತ್ಯದ ಕೆಲಸ ಮಾಡಿಕೊಳ್ಳುವ ಶಕ್ತಿಯ ಕುಸಿತವನ್ನು ಅಷ್ಟಿಷ್ಟು ನಿಧಾನಿಸಿತು, ನೆನಪಿನ ಶಕ್ತಿಗೆ ನೆರವಾಗಲಿಲ್ಲ. ಈ ಎರಡರ ನಡುವೆ, 2005ರಲ್ಲಿ, ಸೌಮ್ಯ ಮರೆವಿದ್ದ 769 ಜನರಲ್ಲಿ ಮೂರು ವರ್ಷ ಕೊಟ್ಟರೂ ಅಲ್ಜೈಮರ್ ಬರುವುದನ್ನು ಅದು ತಡೆಯಲಿಲ್ಲ. ಆರೋಗ್ಯವಾಗಿದ್ದ 7540 ಹಿರಿಯ ಪುರುಷರಲ್ಲಿ ವಿಟಮಿನ್ ಇ, ಸೆಲೆನಿಯಮ್ ಎರಡೂ ಮರೆವಿನ ಕಾಯಿಲೆಯನ್ನು ತಡೆಯಲು ಸೋತವು ಎಂದು 2017ರಲ್ಲಿ ತಿಳಿಯಿತು. ಕೊರತೆ ಮೂಲ ಕಾರಣವಾಗಿದ್ದರೆ ಫಲ ಮುಂಚಿನ ಹಂತದಲ್ಲಿ ಹೆಚ್ಚು ಕಾಣಬೇಕಿತ್ತು, ತಡವಾದಂತೆ ಕಡಿಮೆಯಾಗಬೇಕಿತ್ತು. ಆದದ್ದು ತಿರುಗಾಮುರುಗಾ.

ಔಷಧಿ ಮಿದುಳನ್ನು ತಲುಪಿರಲಿಕ್ಕಿಲ್ಲ, ಪ್ರಮಾಣ ಸಾಲದೇ ಹೋಗಿರಬಹುದು ಎಂಬುದು ಮೂರನೆಯ ಆಕ್ಷೇಪ. ಇದರಲ್ಲಿ ಹುರುಳಿದೆ. ಆದರೆ ಅದನ್ನು ಕೊನೆತನಕ ಯೋಚಿಸಿದರೆ ಅದು ಕಿಣ್ವಕ್ಕೂ ಗುಳಿಗೆಗೂ ಇರುವ ಮೂಲಭೂತ ವ್ಯತ್ಯಾಸಕ್ಕೇ ನಮ್ಮನ್ನು ಕರೆದೊಯ್ಯುತ್ತದೆ. ಎಸ್‌ಒಡಿ1 ಸೂಪರ್‌ಆಕ್ಸೈಡಿನ ಜೊತೆ ವರ್ತಿಸುವ ವೇಗ ದ್ರವದಲ್ಲಿ ಎರಡು ಅಣುಗಳು ಒಂದಕ್ಕೊಂದು ಎದುರಾಗಬಲ್ಲ ಗರಿಷ್ಠ ವೇಗಕ್ಕೆ ಹತ್ತಿರದ್ದು. ವಿಟಮಿನ್ ಸಿ ಅದೇ ಕೆಲಸವನ್ನು ಮಾಡುವ ವೇಗ ಅದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಕಿಣ್ವದ ಒಂದು ಅಣು ಒಂದು ಸೂಪರ್‌ಆಕ್ಸೈಡನ್ನು ಮುಗಿಸಿ ತಕ್ಷಣ ಇನ್ನೊಂದಕ್ಕೆ ಸಿದ್ಧವಾಗುತ್ತದೆ. ವಿಟಮಿನ್ ಇ ಅಣು ಒಂದು ರ‍್ಯಾಡಿಕಲ್ಲನ್ನು ತಡೆದ ಮೇಲೆ ತಾನೇ ಕೆಟ್ಟು, ಮತ್ತೆ ಸರಿಹೋಗಲು ವಿಟಮಿನ್ ಸಿ, ಗ್ಲುಟಥಯೋನ್ ಮುಂತಾದವುಗಳ ನೆರವಿಗೆ ಕಾಯಬೇಕು. ಕಿಣ್ವ ಇರುವುದು ಕೋಶದ ನಿರ್ದಿಷ್ಟ ಕೋಣೆಯಲ್ಲಿ: ಎಸ್‌ಒಡಿ1 ಹೆಚ್ಚಾಗಿ ಕೋಶರಸದಲ್ಲಿ, ಎಸ್‌ಒಡಿ2 ಮೈಟೋಕಾಂಡ್ರಿಯದಲ್ಲಿ, ಎಸ್‌ಒಡಿ3 ಕೋಶದ ಹೊರಗೆ. ನುಂಗಿದ ಗುಳಿಗೆಗೆ ಇಂಥ ವಿಳಾಸವಿಲ್ಲ. ಆದ್ದರಿಂದ ಪ್ರಮಾಣವನ್ನು ಹೆಚ್ಚಿಸುತ್ತ ಹೋದರೆ ಒಂದಲ್ಲ ಒಂದು ದಿನ ಕಿಣ್ವಕ್ಕೆ ಸಮನಾಗಬಹುದೆಂಬ ಆಸೆ ರಾಸಾಯನಿಕ ಲೆಕ್ಕಕ್ಕೆ ನಿಲ್ಲುವುದಿಲ್ಲ. ಹೆಚ್ಚಿಸುವುದರಲ್ಲಿ ಅಪಾಯವೂ ಇದೆ. ದಿನಕ್ಕೆ 400 ಯೂನಿಟ್‌ಗೂ ಮೇಲಿನ ವಿಟಮಿನ್ ಇ ಒಟ್ಟಾರೆ ಸಾವಿನ ಪ್ರಮಾಣವನ್ನು ತುಸು ಹೆಚ್ಚಿಸಬಹುದೆಂದು ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2005ರ ವಿಶ್ಲೇಷಣೆ ಎಚ್ಚರಿಸಿತು.

ಇನ್ನೂ ಒಂದು ಕಾರಣಕ್ಕೆ ಉತ್ಕರ್ಷಣವನ್ನು ಸಾರಾಸಗಟಾಗಿ ಅಳಿಸುವ ಗುರಿಯೇ ತಪ್ಪು. ಪೆರಾಕ್ಸೈಡು ಬರಿಯ ವಿಷವಲ್ಲ. ಮಿತ ಪ್ರಮಾಣದಲ್ಲಿ ಕೋಶದೊಳಗಿನ ಸಂದೇಶವೂ ಹೌದು. ವ್ಯಾಯಾಮ ಮಾಡಿದಾಗ ಸ್ನಾಯುವಿನಲ್ಲಿ ಹುಟ್ಟುವ ಉಗ್ರ ಆಮ್ಲಜನಕವೇ ಕೋಶಕ್ಕೆ ತನ್ನ ರಕ್ಷಣಾ ಕಿಣ್ವಗಳನ್ನು ಹೆಚ್ಚಿಸಿಕೊಳ್ಳಲು ಸೂಚನೆ ಕೊಡುತ್ತದೆ. 2009ರಲ್ಲಿ ಜರ್ಮನಿಯ ರಿಸ್ಟೋವ್ ಮತ್ತು ಸಂಗಡಿಗರು, ವ್ಯಾಯಾಮದ ಜೊತೆಗೆ ವಿಟಮಿನ್ ಸಿ, ಇ ತೆಗೆದುಕೊಂಡ ಯುವಕರಲ್ಲಿ ಇನ್ಸುಲಿನ್ ಸಂವೇದನೆ ಸುಧಾರಿಸುವ ಲಾಭವೇ ಕೈತಪ್ಪಿತು ಎಂದು ತೋರಿಸಿದರು. ಸೂಕ್ಷ್ಮಾಣುಗಳನ್ನು ಕೊಲ್ಲಲು ಬಿಳಿ ರಕ್ತಕಣಗಳು ಬೇಕೆಂದೇ ಸೂಪರ್‌ಆಕ್ಸೈಡನ್ನು ತಯಾರಿಸುತ್ತವೆ. ಅದನ್ನು ತಯಾರಿಸುವ ನ್ಯಾಡ್‌ಪಿಎಚ್ ಆಕ್ಸಿಡೇಸ್ ಎಂಬ ಕಿಣ್ವ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳು ಸೋಂಕಿನ ಮೇಲೆ ಸೋಂಕಿನಿಂದ ನರಳುತ್ತಾರೆ. ಅದೇ ಕಿಣ್ವ ಮೈಕ್ರೋಗ್ಲಿಯಗಳಲ್ಲಿ ವರ್ಷಗಟ್ಟಲೆ ಚುರುಕಾಗಿಯೇ ಉಳಿದರೆ ಪಕ್ಕದ ನರಕೋಶಗಳಿಗೆ ಪೆಟ್ಟು ಬೀಳುತ್ತದೆ. ಹೀಗೆ ಒಂದೇ ರಾಸಾಯನಿಕ ಕ್ರಿಯೆಯ ಒಳಿತು ಕೆಡುಕು ಅದು ನಡೆಯುವ ಜಾಗ, ಸಮಯ, ಪ್ರಮಾಣದ ಮೇಲೆ ನಿಂತಿದೆ.

ಕಿಣ್ವಗಳ ಅಧ್ಯಯನ ವ್ಯರ್ಥ ಎಂದು ಇದರಿಂದ ಯಾರೂ ತೀರ್ಮಾನಿಸಬಾರದು. ಜಾಗವನ್ನೂ ಹಂತವನ್ನೂ ಗುರುತಿಸಿ ಮಾಡಿದ ಕೆಲಸ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ನಮ್ಮಲ್ಲೇ ಒಳ್ಳೆಯ ನಿದರ್ಶನವಿದೆ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಿದುಳಿನ ಸಂಶೋಧನೆಗೆ ನೇತೃತ್ವ ಕೊಟ್ಟ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಅವರ ಸಂಗಡಿಗರು ಗ್ಲುಟಾರೆಡಾಕ್ಸಿನ್ ಎಂಬ ಚಿಕ್ಕ ಕಿಣ್ವದ ಮೇಲೆ 2003, 2004ರಲ್ಲಿ ಪ್ರಕಟಿಸಿದ ಕೆಲಸ ಅದು. ಎಂಪಿಟಿಪಿ ಎಂಬ ವಿಷ ಇಲಿಗಳಲ್ಲಿ ಪಾರ್ಕಿನ್ಸನ್ ಹೋಲುವ ಹಾನಿ ಮಾಡುತ್ತದೆ. ಅದು ಪೆಟ್ಟು ಕೊಡುವುದು ಮೈಟೋಕಾಂಡ್ರಿಯದ ಉಸಿರಾಟ ಸರಣಿಯ ಮೊದಲ ಘಟಕಕ್ಕೆ, ಅಂದರೆ ಕಾಂಪ್ಲೆಕ್ಸ್ ಒಂದಕ್ಕೆ. ಈ ಘಟಕದಲ್ಲಿರುವ ಗಂಧಕದ ಗುಂಪುಗಳು ಉತ್ಕರ್ಷಣಗೊಂಡಾಗ ಅವನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವುದು ಗ್ಲುಟಾರೆಡಾಕ್ಸಿನ್‌ನ ಕೆಲಸ. ಅದನ್ನು ತಗ್ಗಿಸಿದರೆ ಕಾಂಪ್ಲೆಕ್ಸ್ ಒಂದು ಚೇತರಿಸಿಕೊಳ್ಳುವುದಿಲ್ಲ ಎಂದು ಅವರು ತೋರಿಸಿದರು. ಹೆಣ್ಣಿಲಿಗಳಲ್ಲಿ ಈ ಕಿಣ್ವ ಹೆಚ್ಚು. ಅವುಗಳಿಗೆ ಹಾನಿ ಕಡಿಮೆ. ಅವುಗಳಲ್ಲಿಯೂ ಕಿಣ್ವವನ್ನು ತಗ್ಗಿಸಿದಾಗ ಆ ರಕ್ಷಣೆ ಹೋಯಿತು. ಪಾರ್ಕಿನ್ಸನ್ ಕಾಯಿಲೆ ಗಂಡಸರಲ್ಲಿ ಹೆಚ್ಚು ಎಂಬ ಹಳೆಯ ಗಮನಿಕೆಗೆ ಒಂದು ಸಂಭಾವ್ಯ ವಿವರಣೆ ಇಲ್ಲಿದೆ. ಈ ಸಂಶೋಧನೆಯ ಬಲ ಅದು ಕೇಳಿದ ಪ್ರಶ್ನೆಯಲ್ಲಿದೆ: ಯಾವ ಕಿಣ್ವ, ಯಾವ ಪ್ರೋಟೀನಿನ ಯಾವ ಗುಂಪನ್ನು ಸರಿಪಡಿಸುತ್ತದೆ, ಅದು ಇಲ್ಲದಾಗ ಏನಾಗುತ್ತದೆ? ಇಲಿಯಿಂದ ಮನುಷ್ಯನಿಗೆ ಬರುವ ದಾರಿ ದೂರದ್ದೇ, ಆದರೆ ಪ್ರಶ್ನೆ ಹೀಗೆ ನಿಖರವಾಗಿದ್ದರೆ ಮಾತ್ರ ಆ ದಾರಿ ಸಾಗುತ್ತದೆ.

ಒಂದು ಔಷಧಿಯ ಮಟ್ಟಿಗೆ ಈ ದಾರಿ ಗುರಿ ಮುಟ್ಟಿದೆ. ಫ್ರೀಡ್ರೈಕ್ ಅಟಾಕ್ಸಿಯ ಎಂಬ ವಂಶಪಾರಂಪರ್ಯದ ಕಾಯಿಲೆಯಲ್ಲಿ ಮೈಟೋಕಾಂಡ್ರಿಯದ ಫ್ರಟಾಕ್ಸಿನ್ ಎಂಬ ಪ್ರೋಟೀನು ಕಡಿಮೆಯಾಗಿ, ಹದಿಹರೆಯದವರ ನಡಿಗೆ ತೂರಾಡುತ್ತ ಗಾಲಿಕುರ್ಚಿಗೆ ಬರುತ್ತದೆ. ಇದಕ್ಕೆ 2023ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಓಮವೆಲಾಕ್ಸೊಲೋನ್ ತಾನೇ ರ‍್ಯಾಡಿಕಲ್‌ಗಳನ್ನು ಹೀರುವ ಔಷಧಿಯಲ್ಲ. ಎನ್‌ಆರ್‌ಎಫ್2 ಎಂಬ ನಿಯಂತ್ರಕವನ್ನು ಎಚ್ಚರಿಸಿ ಕೋಶ ತನ್ನದೇ ರಕ್ಷಣಾ ಕಿಣ್ವಗಳನ್ನು ತಾನೇ ಹೆಚ್ಚಿಸಿಕೊಳ್ಳುವಂತೆ ಅದು ಮಾಡುತ್ತದೆ. ಲಾಭ ಸಾಧಾರಣ, ಆದರೆ ಕಾರಣ ಗೊತ್ತಿರುವ ಕಾಯಿಲೆಯಲ್ಲಿ, ಆ ಕಾರಣಕ್ಕೆ ಹೊಂದುವ ಹಂತದಲ್ಲಿ ಮಾಡಿದ ಪ್ರಯತ್ನ ಇದು. ನೇರವಾಗಿ ರ‍್ಯಾಡಿಕಲ್ ಹೀರುವ ಎಡರಾವೋನ್‌ಗೂ ಎಎಲ್‌ಎಸ್‌ಗೆ ಜಪಾನಿನಲ್ಲಿ 2015ರಲ್ಲಿ, ಅಮೆರಿಕದಲ್ಲಿ 2017ರಲ್ಲಿ ಅನುಮತಿ ಸಿಕ್ಕಿದೆಯಲ್ಲ ಎಂದು ಕೇಳಬಹುದು. ಆ ಅನುಮತಿಯ ಮುಖ್ಯ ಆಧಾರ, ಆರಂಭದ ಹಂತದವರನ್ನೇ ಆಯ್ದುಕೊಂಡ, 137 ರೋಗಿಗಳ ಆರು ತಿಂಗಳ ಪರೀಕ್ಷೆ. ಜರ್ಮನಿಯಲ್ಲಿ ಈ ಔಷಧಿಯನ್ನು ದೀರ್ಘಕಾಲ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವ್ಯತ್ಯಾಸ ಸಿಗಲಿಲ್ಲ. ರ‍್ಯಾಡಿಕಲ್‌ಗಳನ್ನು ಹೀರುವ ತತ್ವಕ್ಕೆ ಇದನ್ನು ಗಟ್ಟಿ ಆಧಾರವೆಂದು ಹೇಳಲಾಗದು.

ಈ ವಾದದ ಪರಿಣಾಮ ಪ್ರಯೋಗಾಲಯದ ಗೋಡೆಯೊಳಗೇ ಉಳಿಯುವಂಥದ್ದಲ್ಲ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಇದೆ ಎಂಬುದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು. ಇವರ ಮನೆಗಳಿಗೆ ಆಂಟಿಆಕ್ಸಿಡೆಂಟ್ ಹೆಸರಿನಲ್ಲಿ ಮಾರಾಟವಾಗುವ ಡಬ್ಬಿಗಳು ಸುಲಭವಾಗಿ ತಲುಪುತ್ತವೆ, ಸರಿಯಾದ ರೋಗನಿರ್ಣಯ ತಲುಪುವುದಿಲ್ಲ. ಅರಿಶಿನ ತಿನ್ನುವ ನಮ್ಮಲ್ಲಿ ಅಲ್ಜೈಮರ್ ಕಡಿಮೆ ಎಂಬ ಮಾತು ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಗಳನ್ನು ಆಧರಿಸಿದೆ. ಆದರೆ ಅರಿಶಿನದ ಕುರ್ಕುಮಿನ್ ಅನ್ನು ಅಲ್ಜೈಮರ್ ರೋಗಿಗಳಿಗೇ ಕೊಟ್ಟು ನೋಡಿದ ಪರೀಕ್ಷೆಗಳಲ್ಲಿ ಗುಣ ಕಾಣಲಿಲ್ಲ. ಅರಿಶಿನ ಅಡುಗೆಯಲ್ಲಿ ಇರಲಿ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಕಾಯಿಲೆಯವರ ಮನೆಯ ಸೀಮಿತ ಹಣ ಮತ್ತು ಭರವಸೆ ಗುಳಿಗೆ ಡಬ್ಬಿಗೆ ಹೋಗುವುದರಿಂದ ನಿಜವಾದ ನಷ್ಟವಾಗುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು, ಧೂಮಪಾನ, ಒಂಟಿತನ ಮುಂತಾದ ಹದಿನಾಲ್ಕು ಅಂಶಗಳನ್ನು ನಿಭಾಯಿಸಿದರೆ ಮರೆವಿನ ಕಾಯಿಲೆಯ ಶೇ. 45ರಷ್ಟನ್ನು ತಾತ್ವಿಕವಾಗಿ ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಹೇಳಿದೆ. ರಕ್ತದೊತ್ತಡದ ಮಾತ್ರೆಗೂ ಕಿವಿಯ ಯಂತ್ರಕ್ಕೂ ಆಂಟಿಆಕ್ಸಿಡೆಂಟ್ ಎಂಬ ಹೊಳಪಿನ ಹೆಸರಿಲ್ಲ, ಆದರೆ ಸಾಕ್ಷಿ ಅವುಗಳ ಕಡೆಗಿದೆ. ಎಎಲ್‌ಎಸ್ ಬಂದವರ ಮಟ್ಟಿಗೆ ಹೇಳುವುದಾದರೆ, ವಂಶವಾಹಿ ಪರೀಕ್ಷೆ ಮಾಡಿಸಿ ಎಸ್‌ಒಡಿ1 ಮಾರ್ಪಾಡು ಇದೆಯೇ ಎಂದು ತಿಳಿಯುವುದಕ್ಕೆ ಈಗ ಅರ್ಥವಿದೆ. ಯಾಕೆಂದರೆ ಉತ್ತರ ಹೌದಾದರೆ ಅದಕ್ಕೆಂದೇ ರೂಪಿಸಿದ ಔಷಧಿಯಿದೆ. ಅದು ನಮ್ಮ ರೋಗಿಗಳ ಕೈಗೆಟುಕುವಂತೆ ಮಾಡಬೇಕೆಂಬ ಒತ್ತಾಯಕ್ಕೂ ಅರ್ಥವಿದೆ.

ಉತ್ಕರ್ಷಣದ ಒತ್ತಡ ಎಂಬುದು ಈ ಕಾಯಿಲೆಗಳಲ್ಲಿ ಕಾಣುವ ಒಂದು ಸ್ಥಿತಿ. ಅದನ್ನು ಹೇಳಿದ ಮಾತ್ರಕ್ಕೆ ರೋಗನಿರ್ಣಯ ಮುಗಿಯುವುದಿಲ್ಲ, ಚಿಕಿತ್ಸೆಯ ದಿಕ್ಕಂತೂ ತಿಳಿಯುವುದೇ ಇಲ್ಲ. ಕಿಣ್ವ ಕಡಿಮೆಯಾಗಿದೆಯೇ, ಹೆಚ್ಚಾಗಿದೆಯೇ, ವಿಕೃತವಾಗಿದೆಯೇ? ಯಾವ ಕೋಶದಲ್ಲಿ, ಕೋಶದ ಯಾವ ಕೋಣೆಯಲ್ಲಿ, ಕಾಯಿಲೆಯ ಯಾವ ಹಂತದಲ್ಲಿ? ಎಸ್‌ಒಡಿ1ರ ವಿಷಯದಲ್ಲಿ ಈ ಪ್ರಶ್ನೆಗಳನ್ನು ಕೇಳಿದವರು ಅದನ್ನು ತಗ್ಗಿಸುವ ಔಷಧಿಗೆ ಬಂದು ತಲುಪಿದರು. ಕೇಳದವರು ವಿಟಮಿನ್‌ಗಳನ್ನು ಹಂಚಿ ಫಲ ಕಾಣಲಿಲ್ಲ. ಕೊರತೆ ಎಂಬ ಉತ್ತರ ಹಿತವಾದದ್ದು, ಏಕೆಂದರೆ ಕೊರತೆಯನ್ನು ತುಂಬಬಹುದು ಎಂಬ ಆಸೆ ಅದರಲ್ಲೇ ಇದೆ. ಆದರೆ ಹಿತವಾದ ಉತ್ತರವನ್ನು ಪರೀಕ್ಷೆಗೆ ಒಡ್ಡದೆ ಒಪ್ಪಿಕೊಂಡದ್ದರ ಬೆಲೆಯನ್ನು ರೋಗಿಗಳು ತೆತ್ತಿದ್ದಾರೆ. ಮುಂದೆ ಯಾವುದೇ ಆಂಟಿಆಕ್ಸಿಡೆಂಟ್ ಮಿದುಳನ್ನು ಕಾಪಾಡುತ್ತದೆ ಎಂಬ ಹೇಳಿಕೆ ಎದುರಾದಾಗ, ಯಾವ ಕಿಣ್ವದ ಯಾವ ದೋಷವನ್ನು ಅದು ಸರಿಪಡಿಸುತ್ತದೆ, ಮನುಷ್ಯರಲ್ಲಿ ಅದಕ್ಕೆ ಸಾಕ್ಷಿ ಏನು ಎಂದು ಕೇಳುವ ಹಕ್ಕು ರೋಗಿಗೂ ಮನೆಯವರಿಗೂ ಇದೆ. ಈ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ಡಬ್ಬಿಯನ್ನು ಕೊಳ್ಳಬೇಕಾಗಿಲ್ಲ.